ಮಗಳ ಮರಳು, ನನ್ನ ಗೌರಿ

‘ಆಗಸ್ಟ್ ೨೦. ಅಣೆಕಟ್ಟಿನಿಂದ ಅಳತೆಯ ನೀರು ಬಿಟ್ಟರು. ಮಗಳು ಖುಷಿಗೆ ಊಟ ಮಾಡಲಿಲ್ಲ’ ಎಂದು ನನ್ನ ಹಳೆಯ ಡೈರಿಯಲ್ಲಿದೆ. ವಡೋದರಾದ ಫತೇಗಂಜ್‌ನ ನಮ್ಮ ಮನೆಗೆ ವಿಜ್ಞಾನ ಯಾವತ್ತೂ ಒಂಟಿಯಾಗಿ ಬಂದಿಲ್ಲ. ಜೊತೆಗೊಂದು ಫಜೀತಿ ಇದ್ದೇ ಇರುತ್ತದೆ.

೧. ತಾರಸಿಯ ಅಣೆಕಟ್ಟು

ಮಗಳ ಸಂಶೋಧನೆ ನದಿಯ ಮರಳಿನ ಮೇಲೆ. ಅಣೆಕಟ್ಟು ಬಂದ ಮೇಲೆ ಕೆಳಗಿನ ಮರಳದಿಬ್ಬಗಳೆಲ್ಲ ಸವೆದಿದ್ದವು. ಲೆಕ್ಕ ಹಾಕಿ ಜೋರಾಗಿ ನೀರು ಬಿಟ್ಟರೆ, ತಳದ ಮರಳೆದ್ದು ಅಂಚಿನಲ್ಲಿ ದಿಬ್ಬವಾಗಿ ಕೂರುತ್ತದಂತೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಯಜಮಾನರು ಇದನ್ನು ಕೆಳಮನೆಯ ಗುಜರಾತಿ ಹೆಂಗಸಿಗೆ ತೋರಿಸಲು, ರಿಪೇರಿಗೆಂದು ತಾರಸಿಯಲ್ಲಿ ಸುರಿದಿದ್ದ ಮರಳಿನ ಮೇಲೆ ಟ್ಯಾಂಕಿನ ನಲ್ಲಿ ತಿರುಗಿಸಿದರು.

“ದಿಬ್ಬ ಆಯಿತಾ, ಬೆನ್?” ಎಂದು ಮೇಲಿನಿಂದ ಕೇಳಿದರು. ಇಲ್ಲಿ ಅಕ್ಕನಿಗೂ ತಂಗಿಗೂ ‘ಬೆನ್’ ಎಂದೇ.

“ಆಯಿತು ಭಾಯ್. ನನ್ನ ಸ್ಕೂಟರಿನ ಸೀಟಿನ ಮೇಲೆ.”

೨. ಹೋಗಲೊಲ್ಲದ ಗೌರಿ

ನಮ್ಮಲ್ಲಿ ಹಬ್ಬಕ್ಕೆ ಮರಳಿನಲ್ಲೇ ಗೌರಿ ಮಾಡಬೇಕು. ನೀರು ಬಿಡುವುದಕ್ಕೆ ಹಿಂದಿನ ವರ್ಷ ನದಿಯಲ್ಲಿ ಮರಳೆಲ್ಲಿತ್ತು? ಯಜಮಾನರು ಗೋರ್ವಾದಲ್ಲಿ ಕಟ್ಟುತ್ತಿದ್ದ ಮನೆಯೊಂದರಿಂದ ತಂದರು. ಅದರಲ್ಲಿ ಸಿಮೆಂಟು ಬೆರೆತಿತ್ತು. ವಿಸರ್ಜನೆಗೆ ಬಕೆಟ್ಟಿನಲ್ಲಿಟ್ಟರೆ ಗೌರಿ ಕರಗಲಿಲ್ಲ. ಮೂರು ದಿನ ಕೂತೇ ಇದ್ದಳು.

“ತವರಿಗೆ ಬಂದವಳು ಹೋಗಲ್ಲ ಅಂದ್ರೆ ಬಲವಂತ ಮಾಡಬಾರದು ಕಣೇ,” ಎಂದರು ಯಜಮಾನರು. ಈಗಲೂ ತುಳಸಿ ಕುಂಡದ ಪಕ್ಕ ಇದ್ದಾಳೆ.

೩. ಬಾಲ್ಕನಿಯ ಚೀಲ

ನೀರು ಬಿಟ್ಟ ಮೇಲೆ ಹೊಸ ದಿಬ್ಬ ಎದ್ದಿತು. ಮಗಳು ಅಲ್ಲಿಂದ ಒಂದು ಸಣ್ಣ ಚೀಲ ಮರಳು ತಂದು ಬಾಲ್ಕನಿಯಲ್ಲಿಟ್ಟು, ಕೆಲಸದ ಮೇಲೆ ಸೂರತ್‌ಗೆ ಹೋದಳು. ಸಕ್ಕರೆಯಂಥ ಮರಳು. ಹಬ್ಬಕ್ಕೆಂದೇ ತಂದಿದ್ದಾಳೆ ಎಂದು ನನಗೆ ಕಣ್ಣು ತುಂಬಿತು. ರಸಾಯನಶಾಸ್ತ್ರದ ಪದವೀಧರೆ ನಾನು. ತೂಕ ಮಾಡಿ, ಡೈರಿಯಲ್ಲಿ ಬರೆದೇ ಗೌರಿ ಮಾಡಿದೆ. ನನ್ನ ಮೂಗುತಿಯನ್ನೇ ಅವಳಿಗಿಟ್ಟೆ.

ಸಂಜೆ ಮಗಳ ಫೋನು. “ಅಮ್ಮಾ, ಬಾಲ್ಕನಿ ಚೀಲ ಮುಟ್ಟಬೇಡ. ಸೋಮವಾರ ಗೈಡ್‌ಗೆ ತೋರಿಸಬೇಕು. ಅದು ಹೋದರೆ ನನ್ನ ಇಡೀ ವರ್ಷದ ಕೆಲಸ ಹೋಯ್ತು.”

“ಏನೂ ಆಗಿಲ್ಲ ಬಿಡು. ಪೂಜೆ ಆಗಿದೆ, ಅಷ್ಟೇ,” ಎಂದೆ.

೪. ಬೀಕರಿನಲ್ಲಿ ವಿಸರ್ಜನೆ

ಸೋಮವಾರ ಗೌರಿಯನ್ನು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಮಗಳ ಪ್ರಯೋಗಾಲಯಕ್ಕೆ ಒಯ್ದೆ. ಅವಳು ಸೂರತ್‌ನಿಂದ ನೇರ ಅಲ್ಲಿಗೇ ಬಂದಿದ್ದಳು. ಗೈಡ್ ಚಪ್ಪಲಿ ಕಳಚಿ ಕೈ ಮುಗಿದರು.

“ಒಡೆಯೋದು ನನ್ನಿಂದಾಗದು ಬೆನ್. ನೀವೇ ಕಳಿಸಿಕೊಡಿ.”

ಆರತಿ ಎತ್ತಿ, ದೊಡ್ಡ ಬೀಕರಿನಲ್ಲಿ ಬಿಟ್ಟೆ. ಈ ಸಲದವಳು ಒಳ್ಳೆಯವಳು, ಕೂಡಲೇ ಕರಗಿದಳು. ಮರಳನ್ನು ತೊಳೆದು, ಒಣಗಿಸಿ, ಜರಡಿ ಹಿಡಿದು ತೂಗಿದರು. ನನ್ನ ಡೈರಿಯ ತೂಕಕ್ಕಿಂತ ಒಂದು ಚಮಚ ಕಡಿಮೆ.

“ಮಾದರಿ ನಡೆಯುತ್ತೆ,” ಎಂದ ಗೈಡ್ ಮಗಳ ಕಡೆ ತಿರುಗಿದರು. “ತೂಕ ಬರೆದಿಡೋದು ನಿಮ್ಮಮ್ಮನ ಹತ್ತಿರ ಕಲಿ.”

ಕೊನೆಗೆ ಆದ ಖರ್ಚು: ಆಟೋ ಬಾಡಿಗೆ, ಗೈಡ್‌ಗೆ ಒಂದು ಡಬ್ಬಿ ಹೋಳಿಗೆ, ಮತ್ತು ನನ್ನ ಮೂಗುತಿ. ಅದು ಜರಡಿಯಲ್ಲಿ ಸಿಕ್ಕಿತು. ಆದರೆ ಮಗಳು ‘ದಪ್ಪ ಕಣ, ಒಂದು’ ಎಂದು ಚೀಟಿ ಹಚ್ಚಿ ಬೀರುವಿನಲ್ಲಿಟ್ಟಿದ್ದಾಳೆ. ಪ್ರಬಂಧ ಒಪ್ಪಿಸುವವರೆಗೆ ಕೊಡುವುದಿಲ್ಲವಂತೆ.