ಹತ್ತಿ ಗೋದಾಮಿನ ಗಚ್ಚಿನ ನೆಲ

ನಿಜಾಮರ ಕಾಲದಲ್ಲಿ ನಾನು ನಿಲಂಗಾದ ಗೌಂಡಿ. ಅಂಗಳ, ಪಡಸಾಲೆಗಳಿಗೆ ಸುಣ್ಣದ ಗಚ್ಚು ಹಾಸುವುದರಲ್ಲಿ ನನ್ನ ಕಣ್ಣೇ ಮಟ್ಟಗೋಲು ಎಂದು ಊರು ನಂಬಿತ್ತು. ಊರಿಗಿಂತ ಹೆಚ್ಚು ನಾನು ನಂಬಿದ್ದೆ! ಹೀಗಾಗಿ ಉದಗೀರದಲ್ಲಿ ಹೊಸದಾಗಿ ಎದ್ದ ಹತ್ತಿ ಕಾರಖಾನೆಯ ಗೋದಾಮಿಗೆ ನೆಲ ಹಾಸಲು ಕರೆ ಬಂದಾಗ ಎರಡನೇ ಮಾತಾಡದೆ ಒಪ್ಪಿಕೊಂಡೆ.

ಗೋದಾಮಿನೊಳಗೆ ಕಾಲಿಟ್ಟೆ. ಅಷ್ಟು ದೊಡ್ಡ ನೆಲವನ್ನು ನಾನು ಹೊಲದಲ್ಲಿ ಮಾತ್ರ ನೋಡಿದ್ದೆ. ಗಚ್ಚು ಬಡಿಯುವ ಹೆಣ್ಣುಮಕ್ಕಳಿಗೆ ಮುಂದಾಳಾಗಿದ್ದ ಹೆಂಡತಿ ಶಾಂತವ್ವ ಸುತ್ತ ನೋಡಿ ಹೇಳಿದಳು:

"ಏನ್ರೀ, ಇದು ಅಂಗಳ ಅಲ್ಲ. ದೊಡ್ಡ ನೆಲಕ್ಕ ನಮ್ಮಪ್ಪ ಮೊದಲ ದಾರ ಕಟ್ಟಿ, ಒಂದೊಂದು ಮಾರು ಬಿಟ್ಟು ಗಚ್ಚಿನ ಪಟ್ಟಿ ಹಾಕ್ತಿದ್ದ. ಅವು ಗಟ್ಟಿ ಆದ ಮ್ಯಾಲ ನಡುವ ಗಚ್ಚು ತುಂಬಿ, ಎರಡೂ ಪಟ್ಟಿ ಮ್ಯಾಲ ಹಲಗಿ ಇಟ್ಟು ಎಳೀತಿದ್ದ. ಹಂಗ ಮಾಡ್ರಿ."

ಮಾವನ ಹೆಸರು ಬಂದದ್ದೇ ತಡ, ನನ್ನ ಬುದ್ಧಿ ಹೊರಗೆ ಹೋಯಿತು.

"ನಿಮ್ಮಪ್ಪಗ ಕಣ್ಣು ಮಂದ ಇತ್ತು. ನನಗ ಪಟ್ಟಿ ಬ್ಯಾಡ!"

ನಾಲ್ಕೂ ಗೋಡೆಯಿಂದ ಶುರುಮಾಡಿ ನಡುವಿಗೆ ಬರುವುದು ನನ್ನ ಪದ್ಧತಿ. ಹಲಗೆಯ ಒಂದು ತುದಿ ಗೋಡೆಯ ಕಡೆ, ಇನ್ನೊಂದು ತುದಿ ಹಸಿ ಗಚ್ಚಿನ ಮೇಲೆ. ಹಲಗೆಯ ಭಾರಕ್ಕೆ ಹಸಿ ಗಚ್ಚು ತುಸು ಕುಸಿಯಿತು. ಮುಂದಿನ ಸಾಲು ಅದಕ್ಕಿಂತ ತಗ್ಗು, ಅದರ ಮುಂದಿನದು ಇನ್ನೂ ತಗ್ಗು. ನನ್ನ ಕಣ್ಣಿಗೆ ಮಾತ್ರ ಎಲ್ಲ ಸಮ! ಹೆಣ್ಣುಮಕ್ಕಳು ದಿನಗಟ್ಟಲೆ ಮರದ ಕೊಡತಿ ಹಿಡಿದು ಬಡಿದರು.

ನೆಲ ಒಣಗಿದ ಮೇಲೆ ಕಾರಖಾನೆಯ ಸಾಹೇಬರು ಬಂದರು. ಕೂಲಿಯೊಬ್ಬ ಹತ್ತಿಯ ಮೂಟೆ ಹೇರಿದ ಕೈಗಾಡಿಯನ್ನು ಬಾಗಿಲ ಬಳಿ ನಿಲ್ಲಿಸಿ ಬೆವರು ಒರೆಸಿಕೊಂಡ. ಗಾಡಿ ನಿಲ್ಲಲಿಲ್ಲ. ಯಾರ ಅಪ್ಪಣೆಯೂ ಇಲ್ಲದೆ ಗಂಭೀರವಾಗಿ ಗೋದಾಮಿನ ನಡುವಿಗೆ ನಡೆಯಿತು. ಎದುರು ಬಾಗಿಲಿಂದ ಇನ್ನೊಂದು ಗಾಡಿಯೂ ಹೊರಟಿತು. ಎರಡೂ ನಡುವೆ ಭೇಟಿಯಾದವು. ಢಂ!

"ಗೌಂಡಿ, ನಾ ಕೇಳಿದ್ದು ನೆಲ. ನೀ ಕಟ್ಟೀದಿ ಹೊಂಡ!" ಎಂದರು ಸಾಹೇಬರು.

ಒಡೆಯಲೇಬೇಕಾಯಿತು. ಮಟ್ಟದಲ್ಲಿ ಸೋತ ಗಚ್ಚು ಗಟ್ಟಿತನದಲ್ಲಿ ಗೆದ್ದಿತ್ತು. ಹಾರೆ ಹಾಕಿದಲ್ಲೆಲ್ಲ ಕಿಡಿ. ಹೆಣ್ಣುಮಕ್ಕಳು ಗೋಡೆಗೊರಗಿ ನೋಡುತ್ತಿದ್ದರು. ಅವರ ಅಂಗೈಯ ಬೊಬ್ಬೆ ಇನ್ನೂ ಮಾಗಿರಲಿಲ್ಲ. ಒಬ್ಬಳಾದರೂ ಬೈದಿದ್ದರೆ ಹಗುರಾಗುತ್ತಿತ್ತು. ನಾನು ತಲೆ ಎತ್ತಲಿಲ್ಲ.

ಕೊನೆಗೆ ಹಾರೆ ಕೆಳಗಿಟ್ಟು ಶಾಂತವ್ವನನ್ನು ಕೇಳಿದೆ: "ದಾರ ಎಲ್ಲಿಂದ ಕಟ್ಟಲಿ?"

ಅವಳು ಹೇಳಿದಂತೆ ಪಟ್ಟಿ ಹಾಕಿದೆವು, ಗಟ್ಟಿಯಾಗುವ ತನಕ ಕಾದೆವು, ಹಲಗೆ ಎಳೆದೆವು. ಸಾಹೇಬರು ಕೊಡ ನೀರು ಸುರಿಸಿದರು. ನೀರು ಯಾವ ಕಡೆಗೂ ಓಡದೆ ಸಮನಾಗಿ ಹರಡಿ ನಿಂತಿತು.

"ಶಾಭಾಸ್! ಯಾರ ಕೈಗುಣ ಇದು?"

'ನಂದು' ಎನ್ನಲು ನನ್ನ ಬಾಯಿ ತೆರೆದದ್ದೇನೋ ನಿಜ. ಆದರೆ ಹೆಣ್ಣುಮಕ್ಕಳ ಬೊಬ್ಬೆಯ ಕೈಗಳನ್ನು ಕಂಡು, ಶಾಂತವ್ವನ ಕಡೆ ತೋರಿಸಿ, "ಆಕಿದ್ರೀ. ನಾ ಹಲಗಿ ಹಿಡದೀನಿ ಅಷ್ಟ," ಎಂದೆ.

ಸಾಹೇಬರು ಅವಳ ಕಡೆ ತಿರುಗಿದರು. "ಔರಾದದಾಗ ಇನ್ನೊಂದು ಗೋದಾಮು ಅದ. ಬರ್ತೀಯೇನವಾ?"

"ಬರ್ತೀನ್ರೀ. ನಮ್ಮ ಮನ್ಯಾವರ್ನೂ ಕರಕೊಂಡ ಬರ್ಲೇನ್ರೀ?"

ಸಾಹೇಬರು ನನ್ನ ಕಡೆ ನೋಡಿ ಬಹಳ ಹೊತ್ತು ಯೋಚಿಸಿದರು!