ಬಾತುಕೋಳಿ ಬಿತ್ತೋ ಇಲ್ಲವೋ

ಇದನ್ನು ನನಗೆ ಮೊದಲು ಹೇಳಿದವರು ಪಾಂಡವಪುರದ ನಮ್ಮ ಚಿಕ್ಕತ್ತೆ. ಬೇರೆಯವರ ಮನೆಯಲ್ಲಿ ಹಾಲು ಉಕ್ಕುವ ಹಾಗೆ ಅವರ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಮೊದಲಿನದು ಅವರ ಬಾಯಲ್ಲಿ ಕೇಳಿದ್ದು. ಉಳಿದದ್ದಕ್ಕೆ ನಾನೇ ಸಾಕ್ಷಿ.

ತೂಕ

ಚಿಕ್ಕತ್ತೆಯ ಮೊಮ್ಮಗಳು ಪುಟ್ಟಿ ನಿಂತಿದ್ದ ಎತ್ತಿನಗಾಡಿಯಿಂದ ಹಾರಿ ಕಾಲು ಮುರಿದುಕೊಂಡಳು. ಮೈಸೂರಿನ ಡಾಕ್ಟರು ಪ್ಲಾಸ್ಟರು ಹಾಕಿ, "ನಾನು ಹೇಳೋವರೆಗೂ ಈ ಕಾಲು ನೆಲಕ್ಕೆ ಊರಕೂಡದು. ಊರಿದರೆ ಮೂಳೆ ಸೊಟ್ಟ ಕೂಡುತ್ತೆ, ಹುಡುಗಿ ಜನ್ಮವಿಡೀ ಕುಂಟುತ್ತೆ" ಎಂದು ಕಳಿಸಿದರು. ಪುಟ್ಟಿಯೋ, ನಿದ್ದೆಯಲ್ಲೂ ಓಡುವವಳು. ಅವರಮ್ಮ ನಾಗಮಂಗಲದಲ್ಲಿ ಟೀಚರು, ಬರುವುದು ವಾರಕ್ಕೊಂದು ಸಲ. ಹಿಡಿದು ಮಲಗಿಸುವ ಕೆಲಸ ಅಜ್ಜಿ ತಾತನ ಪಾಲಿಗೆ ಬಂತು.

"ಕಾರ್ಟೂನು ಹಾಕಿದರೆ ಅಲ್ಲಾಡಲ್ಲ" ಎಂದು ಯಾರೋ ಹೇಳಿದರು. ಚಿಕ್ಕಮಾವ ಕ್ಯಾಸೆಟ್ಟು ಹಾಕಿ ನೋಡುವ ವಿ.ಸಿ.ಪಿ. ಒಂದನ್ನು ಬಾಡಿಗೆಗೆ ತಂದು, ಬಸ್ ಸ್ಟ್ಯಾಂಡಿನ ಹತ್ತಿರದ ವಿಡಿಯೋ ಅಂಗಡಿಗೆ ಹೋದರು. ಅಲ್ಲಿದ್ದ ಕಾರ್ಟೂನು ಕ್ಯಾಸೆಟ್ಟು ಎರಡೇ. ಕೆಂಪು ಡಬ್ಬಿಯಲ್ಲಿ ಬಾತುಕೋಳಿ, ಮೊಲಗಳ ಹಳೆಯ ಪುಟ್ಟ ಪುಟ್ಟ ಚಿತ್ರಗಳು. ನೀಲಿ ಡಬ್ಬಿಯಲ್ಲಿ ಬೆಕ್ಕು, ಇಲಿ. ಒಂದು ಮನೆಗೆ ಒಂದೇ ಕ್ಯಾಸೆಟ್ಟು ಎನ್ನುವುದು ಅಂಗಡಿಯವನ ಕಾನೂನು.

"ಎರಡರಲ್ಲಿ ಯಾವುದ್ರಲ್ಲಿ ಮಾಲು ಜಾಸ್ತಿ ಅದೆ?" ಅಂದರು ಮಾವ.

"ಎರಡೂ ಒಂದೇ ಗೌಡ್ರೇ."

ಮಾವನಿಗೆ ನಂಬಿಕೆ ಬರಲಿಲ್ಲ. ಆಯುಷ್ಯವೆಲ್ಲ ಸಕ್ಕರೆ ಫ್ಯಾಕ್ಟರಿಗೆ ಗಾಡಿಯಲ್ಲಿ ಕಬ್ಬು ಹೊಡೆದವರು, ತೂಕದ ಮುಂದೆ ಬಾಯಿಮಾತು ಅವರಿಗೆ ನಡೆಯುವುದಿಲ್ಲ. ಎರಡು ಕ್ಯಾಸೆಟ್ಟನ್ನೂ ಪಕ್ಕದ ದಿನಸಿ ಅಂಗಡಿಯ ತಕ್ಕಡಿಗೆ ಹಾಕಿಸಿದರು. ಕೆಂಪಿನ ತಟ್ಟೆ ಚೂರು ಕೆಳಗಿಳಿಯಿತು.

"ಗೌಡ್ರೇ, ಇದು ಕಬ್ಬಲ್ಲ" ಅಂದ ವಿಡಿಯೋದವನು.

"ಗೊತ್ತು ಕಣಯ್ಯ. ಕಬ್ಬಾಗಿದ್ರೆ ತೂಗ್ತಿರ್ಲಿಲ್ಲ, ಮುರ್ದು ಅಗಿದೇ ನೋಡ್ಬುಡ್ತಿದ್ದೆ."

ಗಟ್ಟಿಮೇಳ

ನಾನು ಆಗ ಶ್ರೀರಂಗಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಭಾನುವಾರ ಪುಟ್ಟಿಯನ್ನು ನೋಡಲು ಹೋದಾಗ ಕೆಂಪು ಕ್ಯಾಸೆಟ್ಟು ಓಡುತ್ತಿತ್ತು. ಪುಟ್ಟಿ ಗೊಂಬೆಯ ಹಾಗೆ ಮಲಗಿದ್ದಳು. ಬಾತುಕೋಳಿ ಯಾರಿಗೋ ಹೆದರಿ ಓಡಿತು, ಬೆಟ್ಟದ ತುದಿ ದಾಟಿತು, ಬರೀ ಗಾಳಿಯ ಮೇಲೆ ನಿಂತಿತು. ಇನ್ನೂ ಕೆಳಗೆ ನೋಡಿಲ್ಲ. ಇನ್ನೇನು ನೋಡಬೇಕು...

ಟೀವಿ ಒಮ್ಮೆ ಕರಕರ ಅಂದಿತು. ಆಮೇಲೆ ಗಟ್ಟಿಮೇಳ! ಬಾಸಿಂಗ ಕಟ್ಟಿಕೊಂಡ ಗಂಡು, ತಲೆ ಬಗ್ಗಿಸಿದ ಹೆಣ್ಣು, ಧಾರೆಯ ಹಾಲು. ಯಾರೋ ಪುಣ್ಯಾತ್ಮರು ಕಾರ್ಟೂನಿನ ಮೇಲೆ ಮದುವೆ ತುಂಬಿಸಿಬಿಟ್ಟಿದ್ದರು.

"ಅಜ್ಜೀ, ಬಾತುಕೋಳಿ ಎಲ್ಲೋಯ್ತು? ಬಿತ್ತಾ?"

"ಸುಮ್ಕಿರವ್ವ, ಧಾರೆ ಮುಗೀಲಿ" ಅಂದರು ಚಿಕ್ಕತ್ತೆ, ಕುರ್ಚಿಯನ್ನು ಟೀವಿಯ ಹತ್ತಿರಕ್ಕೆ ಎಳೆದುಕೊಳ್ಳುತ್ತ.

ಧಾರೆ ಮುಗಿಯಿತು, ಆರತಕ್ಷತೆ ಮುಗಿಯಿತು, ಹಸಿರು ಸೀರೆಯವರೊಬ್ಬರು ಮುನಿಸಿಕೊಂಡು ದೂರ ನಿಂತಿರುವಾಗಲೇ ಊಟದ ಪಂಕ್ತಿಯೂ ಎದ್ದಿತು. ಬಾತುಕೋಳಿ ಬರಲೇ ಇಲ್ಲ. ನಾನು ಮಾವನ ಮುಖ ನೋಡಿದೆ. ಅವರಿಗೆ ಕಿಂಚಿತ್ತೂ ಬೇಸರವಿಲ್ಲ.

"ನೋಡ್ದಾ? ಅದಕ್ಕೇ ತಕ್ಕಡಿ ತಗ್ತು. ಒಳಗೊಂದು ಮದುವೇನೇ ಅದೆ!"

ಬೆಕ್ಕಿನ ಪಾಪ

ಪುಟ್ಟಿಗೆ ಮಾತ್ರ ಅದೇ ಚಿಂತೆ. ಬಾತುಕೋಳಿ ಬಿತ್ತೋ ಇಲ್ಲವೋ ಎಂದು ಕೇಳುತ್ತ ಮಂಚದಿಂದ ಇಳಿಯಲು ನೋಡುವಳು. ಮಾವ ಅದೇ ಸಂಜೆ ನೀಲಿ ಡಬ್ಬಿಯನ್ನೂ ತಂದರು. ತಪ್ಪು ಅಂಗಡಿಯದೇ ಆಗಿದ್ದರಿಂದ ಅವನ ಕಾನೂನು ಅಂದು ಬಾಯಿ ಮುಚ್ಚಿಕೊಂಡಿತು.

ಇದರಲ್ಲಿ ಮೊದಲಿಗೇ ಇಲಿ ಬಾಣಲೆಯಿಂದ ಬೆಕ್ಕಿನ ತಲೆಗೆ ಹೊಡೆಯಿತು. ಚಿಕ್ಕತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. "ಅಯ್ಯೋ ಶಿವನೇ! ಬೆಕ್ಕು ಸತ್ರೆ ಚಿನ್ನದ ಬೆಕ್ಕು ಮಾಡ್ಸಿ ಕಾಶೀಲಿ ದಾನ ಕೊಡ್ಬೇಕಂತೆ. ನಮ್ಮನೇಲಿ ಸತ್ರೆ ಯಾರ ತಲೆ ಮೇಲೆ?"

"ಅದು ಸಾಯಲ್ಲ ಅಜ್ಜಿ, ನೋಡ್ತಿರು" ಅಂದಳು ಪುಟ್ಟಿ.

ಸಾಯಲಿಲ್ಲ, ನಿಜ. ಮೈತುಂಬ ಪ್ಲಾಸ್ಟರು ಹಾಕಿಸಿಕೊಂಡು ಬಂದು ಮಲಗಿತು. ಇಲಿ ಬಾಲ ಎಳೆದ ತಕ್ಷಣ ಪ್ಲಾಸ್ಟರನ್ನು ಪಟಾರನೆ ಒಡೆದು ಓಡಿತು!

ಪುಟ್ಟಿಯ ಕಣ್ಣು ಮೆಲ್ಲಗೆ ಟೀವಿಯಿಂದ ತನ್ನ ಕಾಲಿಗೆ ಇಳಿಯಿತು. ನಾನು ಎದ್ದು ಸ್ವಿಚ್ಚು ಆರಿಸುವುದಕ್ಕೂ ಅವಳು ಮಂಚದ ಅಂಚಿಗೆ ಬರುವುದಕ್ಕೂ ಸರಿಹೋಯಿತು. ಮಾವ ಅವಳನ್ನು ಎತ್ತಿ ಮಲಗಿಸಿ, ಬೆವರು ಒರೆಸಿಕೊಂಡು ತೀರ್ಪು ಕೊಟ್ಟರು:

"ಆ ಬೆಕ್ಕಿನ ಸಾವಾಸ ಬ್ಯಾಡ ಕಣಮ್ಮಿ. ಮದುವೇನೇ ವಾಸಿ, ಅದ್ರಲ್ಲಿ ಎಲ್ರೂ ಕೂತವ್ರೆ."

ಗಂಡಿನ ಅಪ್ಪ

ಹೀಗೆ ಆ ಮನೆಯಲ್ಲಿ ದಿನವೂ ಮದುವೆ. ಬಾತುಕೋಳಿ ನಿಂತಲ್ಲಿಗೆ ಬಂದಾಗ ಪುಟ್ಟಿಯ ಅಳು, ಗಟ್ಟಿಮೇಳಕ್ಕೆ ಚಿಕ್ಕತ್ತೆ ಅಕ್ಷತೆ ಹಾಕುವುದೊಂದು ಬಾಕಿ. ಮಾವ ಹೋಗಿ ಜಗಳ ತೆಗೆದ ಮೇಲೆ ಅಂಗಡಿಯವನು ಬಂದು ನೋಡಿದ. "ಇದು ಕಿಕ್ಕೇರಿ ಕಡೆ ಗೌಡ್ರ ಮನೇದು. ಕ್ಯಾಸೆಟ್ಟು ಸ್ವಲ್ಪ ದಿನ ಕೆ.ಆರ್.ಪೇಟೆಯ ನಮ್ಮ ಭಾವಮೈದುನನ ಅಂಗಡೀಲಿತ್ತು, ಅಲ್ಲಿಂದ ತಗೊಂಡೋಗಿದ್ರು" ಎಂದವನೇ ಬಸ್ಸಿನ ಕಂಡಕ್ಟರ ಕೈಲಿ ಆ ಗೌಡರಿಗೆ ಹೇಳಿ ಕಳಿಸಿದ.

ಮುಂದಿನ ಭಾನುವಾರ ಬೆಳಿಗ್ಗೆ ಬಿಳಿ ಪಂಚೆ, ದಪ್ಪ ಮೀಸೆಯ ಯಜಮಾನರೊಬ್ಬರು ಬಾಳೆಗೊನೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಮ್ಮ ಮದುವೆ ನಿಮ್ಮನೇಲಿ ಅದಂತೆ" ಅಂದರು.

ಚಿಕ್ಕತ್ತೆ ಒಳಗಿನಿಂದ ಓಡಿಬಂದರು. "ಬನ್ನಿ ಬನ್ನಿ, ಗಂಡಿನ ಅಪ್ಪ ಅಲ್ವಾ ನೀವು! ಆ ಹಸಿರು ಸೀರೆಯೋರು ಆಮೇಲೆ ಊಟಕ್ಕೆ ಕೂತ್ರಾ? ಕೋಪ ಇಳೀತಾ?"

ಗೌಡರು ಕಕ್ಕಾಬಿಕ್ಕಿ. "ನಮ್ಮಕ್ಕ ಅದು... ಇನ್ನೂ ಇಳಿದಿಲ್ಲ. ನೀವೂ ಮದುವೆಗೆ ಬಂದಿದ್ರಾ ತಾಯಿ?"

"ದಿನಾ ಓಯ್ತಾ ಇವ್ನಿ!"

ಅಷ್ಟರಲ್ಲಿ ಮಂಚದ ಕಡೆ ಸದ್ದಾಯಿತು. ಪುಟ್ಟಿ ಎದ್ದು ಕೂತು, ಪ್ಲಾಸ್ಟರಿನ ಕಾಲನ್ನು ಕೆಳಗೆ ಇಳಿಬಿಟ್ಟಿದ್ದಳು. ನೆಲಕ್ಕೆ ಒಂದು ಗೇಣು ಉಳಿದಿತ್ತು.

"ಮೀಸೆ ತಾತಾ, ನೀವು ನೋಡಿದ್ರಾ? ಮದುವೆಗೆ ಮುಂಚೆ ಗಾಳೀಲಿ ನಿಂತಿತ್ತಲ್ಲ, ಆ ಬಾತುಕೋಳಿ ಬಿತ್ತಾ? ಹೇಳದೇ ಇದ್ರೆ ಇಳೀತೀನಿ."

ಗೌಡರು ಆ ಕಾಲು ನೋಡಿದರು, ನಮ್ಮ ಮುಖ ನೋಡಿದರು. ಬಾಳೆಗೊನೆ ನನ್ನ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿ, ಗೋಡೆಯ ಪಕ್ಕದ ಬೆಂಚಿನ ಮೇಲೆ ಹತ್ತಿದರು. ಹೆಗಲ ಟವೆಲ್ಲನ್ನು ಎರಡೂ ಕೈಲಿ ರೆಕ್ಕೆಯ ಹಾಗೆ ಬಡಿಯುತ್ತ ಒಂಟಿಕಾಲಲ್ಲಿ ನಿಂತರು. ಬೆಂಚು ಕಿರ್ರೆಂದಿತು.

"ಬೀಳ್ನಿಲ್ಲ ಕಣವ್ವ! ಕಾಲು ಊರುದ್ರೆ ತಾನೆ ಬೀಳೋದು? ಅದಕ್ಕೆ ಗೊತ್ತು. ಕಾಲು ಮೇಲೆತ್ಕಂಡು ಇನ್ನೂ ಅಂಗೇ ಗಾಳೀಲಿ ಅದೆ."

ಪುಟ್ಟಿ ಯೋಚಿಸಿದಳು. ಕಾಲು ನಿಧಾನವಾಗಿ ಮೇಲೆ ಹೋಗಿ ದಿಂಬಿನ ಮೇಲೆ ಕೂತಿತು.

"ಎಲ್ಲೀವರೆಗೂ ಇರುತ್ತೆ?"

"ಡಾಕ್ಟ್ರು ಯೋಳೋಗಂಟ."

ಮತ್ತೆ ಅವಳು ಇಳಿಯುವ ಮಾತೆತ್ತಲಿಲ್ಲ. ಮದುವೆ ಗೌಡರ ಜೊತೆ ಕಿಕ್ಕೇರಿಗೆ ಹೊರಟುಹೋಯಿತು. ಮಗಳನ್ನು ಗಂಡನ ಮನೆಗೆ ಕಳಿಸಿದವರಂತೆ ಚಿಕ್ಕತ್ತೆ ಬಾಗಿಲಲ್ಲೇ ನಿಂತಿದ್ದರು. ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಹೋದ ನಾನು ಕೇಳಿದೆ, "ನಿಜವಾಗಲೂ ಬಾತುಕೋಳಿ ಬೀಳಲಿಲ್ವಾ?"

"ನಾನೆಲ್ಲಿ ನೋಡ್ದೆ ತಾಯಿ? ಟೀವಿ ಮುಂದೆ ಕೂತ್ರೆ ನಿದ್ದೆ ಬಂದ್ಬುಡ್ತದೆ. ನಮ್ಮ ಹುಡುಗನ ಧಾರೇನೂ ಇನ್ನೂ ಪೂರ್ತಿ ನೋಡಿಲ್ಲ."

ಪ್ಲಾಸ್ಟರು ಬಿಚ್ಚಿದಾಗ ಮೂಳೆ ನೆಟ್ಟಗೆ ಕೂಡಿತ್ತು. ಪುಟ್ಟಿ ಮನೆಗೆ ಬಂದವಳೇ ಅದೇ ಬೆಂಚು ಹತ್ತಿ, ಚಾವಣಿಯ ಕಡೆ ನೋಡಿ ಕೂಗಿದಳು: "ಡಾಕ್ಟ್ರು ಹೇಳಿದ್ರು, ನೀನೂ ಇಳಿ!"

ಇದನ್ನು ನೀವೂ ನಾಲ್ಕು ಜನಕ್ಕೆ ಹೇಳಿ. ಆದರೆ ಆ ಚಿತ್ರವನ್ನು ಕೊನೆಯವರೆಗೂ ನೋಡಿದವರು ಯಾರಾದರೂ ಸಿಕ್ಕರೆ, ದಯವಿಟ್ಟು ಪಾಂಡವಪುರದ ಕಡೆ ಕಳಿಸಬೇಡಿ.