ಉಪ ಅಕಿಮ್ ಸಾಹೇಬರ ಗುದ್ದಲಿ ಸಿದ್ಧವಾಗಿದೆ

ಜಿಲ್ಲಾಡಳಿತದ ಉಪಮುಖ್ಯಸ್ಥರಾದ ಉಪ ಅಕಿಮ್ ಮಾನ್ಯ ಕೆನೆನ್‌ಬಾಯ್ ಸಪಾರೋವಿಚ್ ಅವರ ಸನ್ನಿಧಿಗೆ,

ಮಾನ್ಯರೇ,

ಈ ಪತ್ರ ತಮ್ಮ ಕಚೇರಿಯ ಮೆಟ್ಟಿಲು ಹತ್ತುವ ಮೊದಲು ಝಿದೆಬುಲಾಕ್ ಗ್ರಂಥಾಲಯದಲ್ಲಿ, ಈ ಶುಕ್ರವಾರ ಬೆಳಿಗ್ಗೆ, ಕೆಳಕೇರಿಯ ಜನರೆದುರು ಗಟ್ಟಿಯಾಗಿ ಓದಲಾಗುತ್ತಿದೆ. ಆದ್ದರಿಂದ ಮೊದಲು ಇಲ್ಲಿ ಸೇರಿರುವವರಿಗೆಲ್ಲ ನನ್ನ ಸಲಾಮು. ಮೊಣಕಾಲ ನೋವನ್ನು ಲೆಕ್ಕಿಸದೆ ಬಂದು ಮುಂದಿನ ಬೆಂಚಿನಲ್ಲಿ ಕುಳಿತ ಬಿಳಿಗಡ್ಡದ ಹಿರಿಯರಿಗೂ, ಒಲೆಗೆ ಸೌದೆ ಹೊತ್ತು ತಂದ ಅಜ್ಜಿಯರಿಗೂ ಕೃತಜ್ಞತೆಗಳು. ತಾವು ಬಂದಿಲ್ಲವೆಂದು ಇಲ್ಲಿ ಯಾರೂ ಬೇಸರಿಸಿಲ್ಲ. ತಮ್ಮ ಬ್ಲಾಗನ್ನು ತಪ್ಪದೆ ಓದುವ ನಮಗೆ ತಾವು ದಿನವೂ ಇದೇ ಕೇರಿಯಲ್ಲಿ ಓಡಾಡಿಕೊಂಡಿದ್ದಂತೆಯೇ ಅನ್ನಿಸುತ್ತದೆ.

ಅಧಿಕಾರಿಗಳೆಲ್ಲ ದಿನಕ್ಕೊಂದು ಸ್ವಂತ ಚಿಂತನೆಯನ್ನು ಬರೆದು ಪ್ರಕಟಿಸಬೇಕೆಂದು ಕಳೆದ ಚಳಿಗಾಲ ಮೇಲಿನಿಂದ ಆದೇಶ ಬಂದಾಗ, ಉಳಿದವರು ಗೊಬ್ಬರ, ಲಸಿಕೆ, ಹಬ್ಬದ ಶುಭಾಶಯ ಎಂದು ಬರೆದು ಕೈತೊಳೆದುಕೊಂಡರು. ತಾವೊಬ್ಬರೇ ಹೃದಯ ಬಿಚ್ಚಿಟ್ಟಿರಿ. ನಲವತ್ತು ವರ್ಷ ಭೂಗೋಳ ಪಾಠ ಹೇಳಿ, ಈಗ ಈ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಎಳೆಯರ ಓದುಬಳಗ ನಡೆಸುತ್ತಿರುವ ನನಗೆ, ಐವತ್ತೆಂಟರ ಅಧಿಕಾರಿಯೊಬ್ಬರ ಎದೆಯಲ್ಲಿ ಹತ್ತೊಂಬತ್ತರ ಹುಡುಗಿಯ ಮನಸ್ಸು ಇಷ್ಟು ತಾಜಾ ಆಗಿ ಉಳಿದಿರುವುದನ್ನು ಕಂಡು ಆದ ಸಂತೋಷ ಅಷ್ಟಿಷ್ಟಲ್ಲ.

ಹುಡುಗಿ ಎಂದೆನಲ್ಲ, ನಮ್ಮ ಬಳಗದ ಬುರುಲ್ ತಮಗೆ ಮುಖತಃ ಪರಿಚಯವಿರಲಾರಳು. ಬೇಕರಿಯ ಬೆಳಗಿನ ಪಾಳಿ ಮುಗಿಸಿ, ಹತ್ತು ಗಂಟೆಗೆ ಇಲ್ಲಿಗೆ ಬಂದು, ಕೈಯ ಹಿಟ್ಟು ಒರೆಸಿಕೊಂಡು, ಕೇಳಿದ ಸುದ್ದಿ, ಓದಿದ ಪುಸ್ತಕ, ಮನೆಯ ಸುಖದುಃಖಗಳ ಬಗ್ಗೆ ತನ್ನ ಬ್ಲಾಗಿನಲ್ಲಿ ಒಂದು ಪುಟ ಬರೆಯುವುದು ಅವಳ ರೂಢಿ. ನಾನೂರ ಹನ್ನೆರಡು ದಿನ ಒಂದು ದಿನವೂ ತಪ್ಪಿಸಲಿಲ್ಲ. ತಮ್ಮ ಚಿಂತನೆ ಪ್ರಕಟವಾಗುವುದು ಹತ್ತೂವರೆಗೆ. ಈ ಅರ್ಧ ಗಂಟೆಯ ಅಂತರದಲ್ಲಿ ಎರಡು ಬದುಕುಗಳು ಎಷ್ಟು ಅನ್ಯೋನ್ಯವಾಗಿ ಸಾಗಿದವೆಂದರೆ, ಬುರುಲಳ ದವಡೆಹಲ್ಲು ಕಿತ್ತ ದಿನವೇ ತಮ್ಮದನ್ನೂ ಕಿತ್ತರು. ಅದೇ ಎಡಗಡೆಯದು, ಅದೇ ಕೆಳಸಾಲಿನದು. ಇಬ್ಬರೂ ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಅತ್ತಿರಿ. ಮನೆಮನೆಗೂ ನಲ್ಲಿನೀರು ತಲುಪಿತೆಂದು ಟಿವಿಯಲ್ಲಿ ಸಚಿವರು ಹೇಳುತ್ತಿದ್ದಾಗ ಅವಳ ಮನೆಯ ನಲ್ಲಿ ಬುಸುಗುಟ್ಟಿ ಒಂದು ಜೇಡವನ್ನು ಹೊರಹಾಕಿತು. ತಮ್ಮ ಮನೆಯಲ್ಲೂ ಜೇಡವೇ ಬಂತು. ತಮ್ಮದು ಆಳದ ಕೊಳವೆಬಾವಿಯಾದ್ದರಿಂದ, ಅಷ್ಟು ಕೆಳಗಿನಿಂದ ಹತ್ತಿಬಂದ ಆ ಜೀವದ ಛಲವನ್ನು ನೆನೆದು ನಮ್ಮ ಬಳಗ ಒಂದು ನಿಮಿಷ ಮೌನ ಆಚರಿಸಿತು.

ತಮ್ಮ ಓದಿನ ಆಳವಂತೂ ಕೊಳವೆಬಾವಿಯನ್ನೂ ಮೀರಿಸಿತು. ಬುರುಲ್ ಇಲ್ಲಿಂದ ಒಯ್ದ ಕಾದಂಬರಿಯೊಂದರ ಕೊನೆಯ ಹನ್ನೊಂದು ಪುಟಗಳನ್ನು ಹಿಂದಿದ್ದ ಕಾವಲುಗಾರ ಒಲೆ ಹಚ್ಚಲು ಹರಿದಿದ್ದ. ಕೊನೆ ಏನಾಯಿತೋ ತಿಳಿಯದೆ ಅವಳೇ ಒಂದನ್ನು ಕಟ್ಟಿ ಬ್ಲಾಗಿನಲ್ಲಿ ಬರೆದಳು: ನಾಯಕ ಊರಿಗೆ ಮರಳಿ, ಮಾರಿಬಿಟ್ಟಿದ್ದ ತನ್ನ ಕುದುರೆಯ ಮುಂದೆ ನಿಂತು ಕ್ಷಮೆ ಕೇಳುತ್ತಾನೆ. ಆಮೇಲೆ ನಗರದಿಂದ ಪೂರ್ತಿ ಪ್ರತಿ ತರಿಸಿ ನೋಡಿದರೆ ನಾಯಕ ಹಡಗಿನಲ್ಲೇ ಜ್ವರ ಬಂದು ಸತ್ತಿದ್ದ. ಆ ಕುದುರೆಯ ಪುಟ ಓದಿ ರಾತ್ರಿಯೆಲ್ಲ ಕಣ್ಣೀರಿಟ್ಟ ಓದುಗರು ಪ್ರಪಂಚದಲ್ಲಿ ತಾವೊಬ್ಬರೇ.

ಇದನ್ನೆಲ್ಲ ಬುರುಲಳ ಅಜ್ಜಿ ಸಾಲ್ಕಿನ್ ಅವರಿಗೆ ಓದಿ ಹೇಳಿದಾಗ ಅವರು ಗಾಬರಿಯಾದರು: "ಈ ಮನುಷ್ಯ ನನ್ನ ಮಡಿಲಲ್ಲಿ ಯಾವಾಗಪ್ಪಾ ಅತ್ತಿದ್ದು? ಗೊತ್ತಿದ್ದಿದ್ರೆ ಒಂದು ಬಟ್ಟಲು ಚಹಾನಾದ್ರೂ ಕೊಡ್ತಿದ್ದೆ." ಪಕ್ಕದ ಮನೆಯ ದರ್ಜಿ ಮಾಮಾತ್ ಸಮಾಧಾನ ಹೇಳಿದ: "ಸುಮ್ನಿರಿ ಅಪಾ, ದೊಡ್ಡೋರಿಗೆ ಅಳೋಕೆಲ್ಲಿ ಪುರಸೊತ್ತು? ನಿಮ್ಮ ಮೊಮ್ಮಗಳ ಕೈಲಿ ಅಳಿಸ್ಕೊಂಡಿದಾರೆ."

ಇಲ್ಲಿಗೇ ನಿಂತಿದ್ದರೆ ನಾವು ನಕ್ಕು ಸುಮ್ಮನಿರುತ್ತಿದ್ದೆವು. ಆದರೆ ಜಿಲ್ಲೆಯ ಯುವಬರಹಗಾರರ ಸ್ಪರ್ಧೆಗೆ ಬುರುಲ್ ತನ್ನ ಬ್ಲಾಗನ್ನು ಕಳುಹಿಸಿದ್ದಳು. ಹೋದ ವಾರ ಬುಧವಾರ ಮಧ್ಯಾಹ್ನ ತಮ್ಮ ಕಚೇರಿಯ ಮೊಹರಿದ್ದ ಕಾಗದ ಬಂತು. ಮಾನ್ಯ ಉಪ ಅಕಿಮ್ ಅವರ ಬರಹಗಳನ್ನು ಆಕೆ ಕದ್ದಿರುವುದು ಸಾಬೀತಾಗಿದೆಯಂತೆ. ಬರುವ ಸೋಮವಾರದೊಳಗೆ ಲಿಖಿತ ಕ್ಷಮೆ ಕೇಳಿ ಬ್ಲಾಗನ್ನು ಅಳಿಸದಿದ್ದರೆ ಓದುಬಳಗದ ಕೋಣೆಗೆ ಬೀಗವಂತೆ. ಅವಳು ಅದನ್ನು ಎರಡು ಸಲ ಓದಿ, ಮಡಿಸಿ, ನನ್ನ ಮೇಜಿನ ಮೇಲಿಟ್ಟು, "ಅಗಾಯ್, ನನ್ನ ಹಲ್ಲೂ ನಂದಲ್ವಂತೆ" ಎಂದಳು. ಅಂದಿನಿಂದ ಎಂಟು ದಿನ, ಹತ್ತು ಗಂಟೆಗೆ ಕಿಟಕಿಯ ಪಕ್ಕದ ಆ ಕುರ್ಚಿ ಖಾಲಿ. ಕೆಟ್ಟದಾಗಿ ಬರೆಯುವ ಮಕ್ಕಳನ್ನು ತಿದ್ದುವುದು ನನಗೆ ಗೊತ್ತು; ಬರೆಯುವುದನ್ನೇ ಬಿಟ್ಟ ಮಗುವನ್ನು ಏನು ಮಾಡಬೇಕೆಂದು ನಲವತ್ತು ವರ್ಷದಲ್ಲೂ ನಾನು ಕಲಿತಿಲ್ಲ.

ಕ್ಷಮಾಪತ್ರ ಬರೆಯದಂತೆ ಅವಳನ್ನು ತಡೆದವನು ನಾನೇ. ಅವಳು ಹತ್ತಕ್ಕೆ ಕ್ಷಮೆ ಕೇಳಿದರೆ ಹತ್ತೂವರೆಗೆ ತಾವೂ ಕೇಳಿಬಿಡುತ್ತೀರೆಂಬುದೇ ನನ್ನ ಚಿಂತೆ. ಉಪ ಅಕಿಮ್ ಹುದ್ದೆಯ ಘನತೆಗೆ ಅದು ಒಪ್ಪದು.

ಬುರುಲ್ ನಿಲ್ಲಿಸಿದ ದಿನದಿಂದ ತಮ್ಮ ಚಿಂತನೆಗಳೂ ನಿಂತಿರುವುದಕ್ಕೆ ನಮ್ಮ ಸಂತಾಪಗಳು. ಎಂಟು ದಿನದಿಂದ ತಮಗೆ ಹಲ್ಲುನೋವಿಲ್ಲ, ಜೇಡವಿಲ್ಲ, ಪುಸ್ತಕವಿಲ್ಲ. ಆದರೆ ಬುರುಲಳ ಕೊನೆಯ ಪುಟದ ಬೆನ್ನಿಗೇ ಬಂದ ತಮ್ಮ ಕೊನೆಯ ಬರಹ ಇನ್ನೂ ಹಾಗೆಯೇ ಇದೆ, ಇಡೀ ಜಿಲ್ಲೆಗೆ ಕಾಣುವಂತೆ: ಈ ಶನಿವಾರ ಬೆಳಿಗ್ಗೆ ಎಂಟಕ್ಕೆ ಕೆಳಕೇರಿಯ ನೀರ್ಗಾಲುವೆಯ ಹೂಳೆತ್ತುವ ಅಶಾರಿಗೆ, ಅಂದರೆ ಊರವರ ಕೂಡುಗೆಲಸಕ್ಕೆ, ತಾವು ಬರುತ್ತೀರಿ, ಕೆಸರು ಸೊಂಟದವರೆಗೆ ಬರುವ ಗಿರಣಿ ತಿರುವಿನಲ್ಲೇ ಇಳಿಯುತ್ತೀರಿ. ಭಾನುವಾರ ಮೇಲಿನಿಂದ ನೀರು ಬಿಡುತ್ತಾರೆ, ಜರ್ದಾಳು ಗಿಡಗಳು ಹೂ ಬಿಟ್ಟು ನಿಂತಿವೆ, ಮೂರು ವಸಂತದಿಂದ ಬರಬೇಕಾಗಿದ್ದ ತಮ್ಮ ಕಚೇರಿಯ ಹೂಳೆತ್ತುವ ಯಂತ್ರ ಇನ್ನೂ ದಾರಿಯಲ್ಲಿದೆ. ಇಂಥ ಹೊತ್ತಿನಲ್ಲಿ ಕೂಲಿಯಿಲ್ಲದೆ ಕೂಡಿ ದುಡಿಯುವ ಕೇರಿಯವರ ನಡುವೆ ಇಳಿಯಲು ತಾವು ಮುಂದಾದದ್ದನ್ನು ಓದಿ ಹಿರಿಯರು ತಮಗೊಂದು ಗುದ್ದಲಿಗೆ ಹೊಸ ಹಿಡಿ ಹಾಕಿಸಿದ್ದಾರೆ. ಸಾಲ್ಕಿನ್ ಅಜ್ಜಿ ಮಡಿಲನ್ನೂ ಚಹಾವನ್ನೂ ಸಿದ್ಧವಾಗಿಟ್ಟಿದ್ದಾರೆ.

ಬರುವಾಗ ದಯವಿಟ್ಟು ಒಂದು ಉಪಕಾರ ಮಾಡಬೇಕು. ಬಾಯಿ ತೆರೆದು ಕೆಳಸಾಲಿನ ಎಡಗಡೆಯನ್ನು ನಮಗೆ ತೋರಿಸಬೇಕು. ಅಲ್ಲಿ ಹಲ್ಲಿಲ್ಲದಿದ್ದರೆ ಬುರುಲಳ ಕ್ಷಮಾಪತ್ರವನ್ನು ನಾನೇ ಬರೆದುಕೊಡುತ್ತೇನೆ. ಹಲ್ಲಿದ್ದರೆ, ಐವತ್ತೆಂಟರಲ್ಲಿ ಅದು ಮರಳಿ ಚಿಗುರಿದ್ದಕ್ಕೆ ಗ್ರಂಥಾಲಯದಲ್ಲೇ ತಮಗೆ ಸನ್ಮಾನ. ಹಾಗೆಯೇ ಆ ಮೊಹರಿನ ಕಾಗದವನ್ನು ಹಿಂದಕ್ಕೆ ಪಡೆಯಬೇಕು. ಕೋಣೆಯ ಕೀಲಿ ನನ್ನ ಜೇಬಿನಲ್ಲಿದೆ, ಅಲ್ಲೇ ಇರುತ್ತದೆ.

ತಮ್ಮ ಹಾಗೂ ತಮ್ಮ ದವಡೆಯ ಆರೋಗ್ಯ ಕೋರುವ,
ತಮ್ಮ ವಿಶ್ವಾಸಿ,
ಸಮಕ್ ತೊಕ್ತೊಸುನೋವ್
ನಿವೃತ್ತ ಭೂಗೋಳ ಶಿಕ್ಷಕ, ಕೆಳಕೇರಿ

ಆಮೇಲೆ ಸೇರಿಸಿದ್ದು: ಪತ್ರ ಓದಿ ಮುಗಿಸುವಷ್ಟರಲ್ಲಿ ಗಂಟೆ ಹತ್ತಾಗಿತ್ತು. ಪಾಳಿ ಮುಗಿಸಿ ಆಗಷ್ಟೇ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಬುರುಲ್ ಎದ್ದು, ಯಾರ ಮುಖವನ್ನೂ ನೋಡದೆ ಕಿಟಕಿಯ ಪಕ್ಕದ ಕುರ್ಚಿಗೆ ಹೋಗಿ, ಕೈಯ ಹಿಟ್ಟು ಒರೆಸಿಕೊಂಡು ಎರಡು ಸಾಲು ಬರೆದಳು: "ನಾಳೆ ಗಿರಣಿ ತಿರುವಿನಲ್ಲಿ ಮೊದಲ ಗುದ್ದಲಿ ನನ್ನದು. ನಾನು ಬರದಿದ್ದರೆ, ಇಷ್ಟು ದಿನ ಬರೆದದ್ದೊಂದೂ ನನ್ನದಲ್ಲ." ನಾವು ಚಹಾ ಕುಡಿದು ಮುಗಿಸುವ ಹೊತ್ತಿಗೆ, ಸರಿಯಾಗಿ ಹತ್ತೂವರೆಗೆ, ಅದೇ ಎರಡು ಸಾಲು ತಮ್ಮ ಹೆಸರಿನಲ್ಲಿ, ತಮ್ಮ ಭಾವಚಿತ್ರದ ಕೆಳಗೆ ಪ್ರಕಟವಾಗಿವೆ. ಮಾತು ಕೊಟ್ಟದ್ದಕ್ಕೆ ಕೃತಜ್ಞತೆಗಳು. ಎಂಟು ಗಂಟೆಗೆ ಎಲ್ಲರೂ ಬನ್ನಿ. ಯಾರು ಬಂದರೂ ಬಾರದಿದ್ದರೂ ಕೆಲಸ ಶುರು ಮಾಡೋಣ.